ಕಡಲ ದಂಡೆಯ ಜೋಡಿಮನೆ: ನಡುಗೋಡೆ ಮರೆತು ಒಳಾಂಗಣ ಮಾಡಿಸಬೇಡಿ

ಒಂದೇ ನಕ್ಷೆಯನ್ನು ಎಡಬಲ ತಿರುಗಿಸಿ ಅಕ್ಕಪಕ್ಕ ಕಟ್ಟಿದ ಎರಡು ಮನೆ. ನಡುವೆ 200 ಮಿ.ಮೀ. ದಪ್ಪದ ಸಿಮೆಂಟ್ ಬ್ಲಾಕಿನ ಒಂದೇ ಗೋಡೆ. ಒಂದು ಬಿಳಿ ಮನೆ: ಅಗಲವಾದ ಗಾಜು, ನಯವಾದ ಟೈಲ್ಸ್, ಮಲಗುವ ಕೋಣೆಯ ನಡುಗೋಡೆಗೆ ವಿನೈಲ್ ವಾಲ್‌ಪೇಪರ್, ದಿನವಿಡೀ ಎಸಿ. ಇನ್ನೊಂದು ಮರದ ಮನೆ: ತೇಗದ ನೆಲ, ಸೂರಿನವರೆಗೆ ವಾರ್ಡ್‌ರೋಬ್, ಹಿತ್ತಾಳೆ ಹಿಡಿಕೆ, ಕಿಟಕಿ ಸದಾ ತೆರೆದದ್ದು. ವಿನ್ಯಾಸಕರು ಬೇರೆ ಬೇರೆ, ಇಬ್ಬರ ಕೆಲಸವೂ ಫೋಟೊದಲ್ಲಿ ಸೊಗಸಾಗಿತ್ತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಎರಡೂ ಕೆಟ್ಟವು. ಅದರಲ್ಲೂ ದೊಡ್ಡ ಹಾನಿ ಆದದ್ದು ಒಂದು ಮನೆಯ ರೀತಿ ಇನ್ನೊಂದಕ್ಕೆ ಹೊಂದದೆ. ಇಂಥ ಜೋಡಿಮನೆ ಮಾಡಿಸುವ ಯೋಚನೆ ಇದ್ದರೆ ನಕ್ಷೆಯ ಹಂತದಲ್ಲೇ ಇದನ್ನು ಓದಿಕೊಳ್ಳಿ, ಇಲ್ಲಿರುವ ಅರ್ಧ ತೊಂದರೆಗಳನ್ನು ಆಮೇಲೆ ಸರಿಮಾಡಲು ಆಗುವುದಿಲ್ಲ.

ಮೊದಲು ಗೊತ್ತಾದದ್ದು ವಾಸನೆಯಿಂದ. ಮರದ ಮನೆಯ ವಾರ್ಡ್‌ರೋಬಿನ ಬಟ್ಟೆಗೆಲ್ಲ ಮುಗ್ಗಲು. ಪೈಪ್ ಸೋರುತ್ತಿರಬೇಕೆಂದು ಪ್ಲಂಬರನ್ನು ಕರೆಸಿದರು, ಆ ಗೋಡೆಯಲ್ಲಿ ಪೈಪೇ ಇರಲಿಲ್ಲ. ಹಿಂಬದಿಯ ಹಲಗೆ ಬಿಚ್ಚಿದರೆ ಗೋಡೆಯ ತುಂಬ ಕಪ್ಪು ಬೂಷ್ಟು. 8 ಮಿ.ಮೀ. ಎಂಡಿಎಫ್ (ಮರದ ನಾರನ್ನು ಅಂಟಿನಿಂದ ಒತ್ತಿ ಮಾಡಿದ) ಹಲಗೆ ಕೆಳತುದಿಯಲ್ಲಿ ಉಬ್ಬಿ 11 ಮಿ.ಮೀ. ಆಗಿತ್ತು, ಉಗುರಿನಿಂದ ಕೆರೆದರೆ ಪದರಪದರವಾಗಿ ಏಳುತ್ತಿತ್ತು. ಅದೇ ಗೋಡೆಯಲ್ಲಿ ವಾರ್ಡ್‌ರೋಬ್ ಇಲ್ಲದ ಭಾಗ ಮಾತ್ರ ಒಣಗಿಯೇ ಇತ್ತು.

ನೀರು ಬಂದದ್ದು ಗಾಳಿಯಿಂದ. ಗಾಳಿಯ ಉಷ್ಣತೆ 30 ಡಿಗ್ರಿ, ಆರ್ದ್ರತೆ ಶೇ. 80 ಇದ್ದಾಗ ಸುಮಾರು 26 ಡಿಗ್ರಿಗೆ ತಣ್ಣಗಾದ ಯಾವ ಮೇಲ್ಮೈಯ ಮೇಲಾದರೂ ಹನಿ ಕೂರುತ್ತದೆ. ಆಚೆ ಮನೆಯಲ್ಲಿ ಎಸಿ 22ಕ್ಕೆ ಇಟ್ಟಿದ್ದರಿಂದ ಗೋಡೆ ಈಚೆಗೂ ತಂಪು. ಬರಿಗೋಡೆಯಾದರೆ ಕೋಣೆಯ ಬೆಚ್ಚನೆ ಗಾಳಿ ತಾಗುತ್ತ ಅದನ್ನು ಆ ಮಟ್ಟಕ್ಕಿಂತ ಮೇಲೆ ಇರಿಸುತ್ತದೆ. ವಾರ್ಡ್‌ರೋಬ್ ಒತ್ತಿ ಕೂರಿಸಿದರೆ ಗೋಡೆಗೆ ಆ ಬಿಸಿ ಸಿಗುವುದಿಲ್ಲ, ತೇವದ ಗಾಳಿ ಮಾತ್ರ ಸಂದಿಯಿಂದ ನುಸುಳುತ್ತದೆ. ಹನಿ ಕಾಣುವಷ್ಟು ಆಗಬೇಕೆಂದೂ ಇಲ್ಲ, ಗೋಡೆಯ ಮೇಲ್ಮೈಯಲ್ಲಿ ಆರ್ದ್ರತೆ ದಿನಗಟ್ಟಲೆ ಶೇ. 80 ದಾಟಿ ನಿಂತರೆ ಬೂಷ್ಟಿಗೆ ಸಾಕು.

ಬಿಳಿ ಮನೆಯಲ್ಲಿ ಆದದ್ದು ಇದರದೇ ಇನ್ನೊಂದು ಮುಖ. ಬ್ಲಾಕ್ ಗೋಡೆ ಆವಿಯನ್ನು ತಡೆಯುವುದಿಲ್ಲ, ತೇವ ಹೆಚ್ಚಿದ್ದ ಕಡೆಯಿಂದ ಎಸಿ ಒಣಗಿಸಿದ ಕಡೆಗೆ ಅದು ನಿಧಾನವಾಗಿ ದಾಟುತ್ತಿರುತ್ತದೆ. ದಾಟಿ ಬಂದ ಆವಿಗೆ ವಿನೈಲ್ ಅಡ್ಡ. ಪ್ಲಾಸ್ಟಿಕ್ ಹಾಳೆಯ ಬೆನ್ನಿಗೆ ಅದು ತಣ್ಣಗಾಗಿ ನಿಂತು ಅಂಟು ಮೆತ್ತಗಾಯಿತು, ವಾಲ್‌ಪೇಪರ್ ಮೇಲೆ ಗುಲಾಬಿ ಬಣ್ಣದ ಮಚ್ಚೆ ಎದ್ದಿತು. ಎಸಿ ಇರುವ ಕೋಣೆಯಲ್ಲಿ, ಪಕ್ಕದಲ್ಲಿ ತೇವವಿರುವ ಗೋಡೆಗೆ ವಿನೈಲ್ ಅಂಟಿಸುವುದು ಬೇಡವೇ ಬೇಡ. ಆವಿ ದಾಟಲು ಬಿಡುವ ಸುಣ್ಣದ ಅಥವಾ ಸಿಲಿಕೇಟ್ ಬಣ್ಣ ಸಾಕು.

ಕಟ್ಟುವ ಮೊದಲೇ ಆಗಿದ್ದರೆ ಪರಿಹಾರ ಸುಲಭವಿತ್ತು: 200ರ ಒಂಟಿ ಗೋಡೆಯ ಬದಲು 100 ಮಿ.ಮೀ.ನ ಎರಡು ಗೋಡೆ, ನಡುವೆ 50 ಮಿ.ಮೀ. ಖಾಲಿ ಜಾಗ. ಕಟ್ಟುವಾಗ ಗಾರೆ ಆ ಸಂದಿಗೆ ಬಿದ್ದು ಸೇತುವೆಯಾಗದಂತೆ ಪ್ರತಿ ವರಸೆಗೂ ಮೇಸ್ತ್ರಿ ನೋಡಿಕೊಳ್ಳಬೇಕು. ಕೋಣೆಯ ಅಗಲ 50 ಮಿ.ಮೀ. ಹೋಗುತ್ತದೆ, ತಂಪು ದಾಟುವುದು ತಗ್ಗುತ್ತದೆ, ಸದ್ದೂ ತಗ್ಗುತ್ತದೆ. ಸದ್ದಿನ ಗೋಳು ಈ ಮನೆಗಳಲ್ಲೂ ಇತ್ತು, ಒಬ್ಬರ ಟಿವಿ ಗೋಡೆ ಇನ್ನೊಬ್ಬರ ಮಂಚದ ತಲೆಭಾಗ. ಸಾಲದ್ದಕ್ಕೆ ಎರಡೂ ಕಡೆಯ ಸ್ವಿಚ್ ಬಾಕ್ಸ್ ಬೆನ್ನಿಗೆ ಬೆನ್ನು ಕೊರೆದಿದ್ದರು. ಅವುಗಳ ನಡುವೆ ಕನಿಷ್ಠ 600 ಮಿ.ಮೀ. ಅಂತರ ಇಡಿಸಿ.

ಇನ್ನು ನೆಲ. ತೇಗದ ಪಟ್ಟಿ ಬಟ್ಟಿಯಲ್ಲಿ ಒಣಗಿ ಶೇ. 9–10 ತೇವಾಂಶಕ್ಕೆ ಬಂದಿತ್ತು. ತಂದ ಮರುದಿನವೇ ಹಾಸಿದರು. ಕಿಟಕಿ ತೆರೆದಿಡುವ ಕಡಲ ದಂಡೆಯ ಮನೆಯಲ್ಲಿ ಮರ ಕೊನೆಗೆ ಶೇ. 15–16ಕ್ಕೆ ಹೋಗಿ ನಿಲ್ಲುತ್ತದೆ. ತೇಗ ಹೆಚ್ಚು ಹಿಗ್ಗುವ ಮರವಲ್ಲ, ಆದರೂ ಅಡ್ಡಗಲಕ್ಕೆ ಪ್ರತಿ ಒಂದು ಶೇಕಡಾ ತೇವಾಂಶಕ್ಕೆ ಸುಮಾರು ಶೇ. 0.2ರಷ್ಟು ಹಿಗ್ಗುತ್ತದೆ. 3.6 ಮೀಟರ್ ಅಗಲದ ಕೋಣೆಯಲ್ಲಿ ಆರು ಶೇಕಡಾ ಏರಿದರೆ ಒಟ್ಟು 40 ಮಿ.ಮೀ. ಮೀರುತ್ತದೆ. ಗೋಡೆಯಂಚಿಗೆ ಬಿಟ್ಟಿದ್ದ ಜಾಗ ಎರಡೂ ಬದಿ ಸೇರಿ 20. ಉಳಿದದ್ದು ಎಲ್ಲಿಗೆ ಹೋಗಬೇಕು? ಕೋಣೆಯ ನಡುವೆ ನೆಲ ಡುಬ್ಬವಾಗಿ ಎದ್ದಿತು. ಪಟ್ಟಿಗಳನ್ನು ಅದೇ ಕೋಣೆಯಲ್ಲಿ, ಕಿಟಕಿ ಬಳಸುವ ಹಾಗೆಯೇ ಬಳಸುತ್ತ, ಸಾಲುಗಳ ನಡುವೆ ಸಣ್ಣ ಕೋಲಿಟ್ಟು ಬಿಡಿಯಾಗಿ ಪೇರಿಸಿ ಎರಡು ಮೂರು ವಾರ ಬಿಡಬೇಕು. ತೇವಾಂಶ ಮಾಪಕದಲ್ಲಿ ಅಂಕಿ ಏರುವುದು ನಿಂತಮೇಲೆ ಹಾಸಬೇಕು. ಇದೇ ಮರವನ್ನು ಪಕ್ಕದ ಎಸಿ ಮನೆಗೆ ಹಾಸುವುದಾದರೆ ಬೇಕಾದ ಅಂಕಿಯೇ ಬೇರೆ. ಎರಡು ಮನೆಗೂ ಒಟ್ಟಿಗೆ ಮರ ಕೊಂಡು ಒಂದೇ ಕಡೆ ಪೇರಿಸಿಡುವವರು ಇದನ್ನು ಮರೆಯುತ್ತಾರೆ.

ನೆಲದ ಮಟ್ಟದ ಲೆಕ್ಕವನ್ನೂ ಯಾರೂ ಮಾಡಿರಲಿಲ್ಲ. ಟೈಲ್ಸ್‌ಗೆ 10 ಮಿ.ಮೀ. ಬಿಲ್ಲೆ, ಕೆಳಗೆ 40 ಮಿ.ಮೀ. ಗಾರೆ, ಒಟ್ಟು 50. ಮರಕ್ಕೆ 18 ಮಿ.ಮೀ. ಪಟ್ಟಿ, 3 ಮಿ.ಮೀ. ಹಾಸು, ಒಟ್ಟು 21. ಬಾಲ್ಕನಿ ಎರಡಕ್ಕೂ ಒಂದೇ ಮಟ್ಟದಲ್ಲಿ ಮುಗಿದದ್ದರಿಂದ ಮರದ ಮನೆಯ ಒಳನೆಲ ಬಾಲ್ಕನಿಗಿಂತ ತಗ್ಗಾಯಿತು, ಗಾಳಿಮಳೆಗೆ ನೀರು ನೇರ ಒಳಗೆ. ಸ್ಲ್ಯಾಬ್ ಹಾಕುವಾಗಲೇ ಬಾಲ್ಕನಿಯನ್ನು 75ರಿಂದ 100 ಮಿ.ಮೀ. ಇಳಿಸಬೇಕು. ಯಾವ ಮನೆಗೆ ಯಾವ ನೆಲ ಎಂಬುದು ಅಷ್ಟು ಮುಂಚೆ ಗೊತ್ತಿರಬೇಕು. ‘ಇಂಟೀರಿಯರ್ ಆಮೇಲೆ ನೋಡೋಣ’ ಎನ್ನುವ ಗುತ್ತಿಗೆದಾರರ ಮಾತು ಕಡಲ ದಂಡೆಯಲ್ಲಿ ನಡೆಯುವುದಿಲ್ಲ.

ಲೋಹದ ವಿಷಯದಲ್ಲಿ ಎರಡು ಶೈಲಿಯೂ ಒಂದೇ ರೀತಿ ಮೋಸಹೋದವು. ಸಾಮಾನಿನ ಪಟ್ಟಿಯಲ್ಲಿ ಬರೆದದ್ದು ‘ಸ್ಟೇನ್‌ಲೆಸ್’ ಎಂದಷ್ಟೇ, ಬಂದದ್ದು 304 ದರ್ಜೆಯ ಉಕ್ಕು. ಉಪ್ಪುಗಾಳಿಗೆ ಬೇಕಾದದ್ದು 316, ಅದರಲ್ಲಿ ಶೇ. 2–3 ಮಾಲಿಬ್ಡಿನಮ್ ಇರುತ್ತದೆ. 304ರ ಹಿಡಿಕಂಬಿಯ ಮೇಲೆ ಕೆಲವೇ ತಿಂಗಳಲ್ಲಿ ಕಂದು ಕಲೆ. ಬಡಗಿಗಳು ಅಯಸ್ಕಾಂತ ಹಿಡಿದು ‘ಅಂಟಲಿಲ್ಲ, ಒಳ್ಳೆ ಮಾಲು’ ಎನ್ನುತ್ತಾರೆ. ಎರಡು ದರ್ಜೆಗೂ ಅಯಸ್ಕಾಂತ ಅಷ್ಟಾಗಿ ಅಂಟುವುದಿಲ್ಲ, ಆ ಪರೀಕ್ಷೆಯಿಂದ ಏನೂ ತಿಳಿಯದು. ಮಾಲಿಬ್ಡಿನಮ್ ತೋರಿಸುವ ಹನಿದ್ರಾವಣ ಸಿಗುತ್ತದೆ, ಅಥವಾ ತಯಾರಕರ ಪ್ರಮಾಣಪತ್ರ ಕೇಳಿ. 316ನ್ನೂ ಆಗಾಗ ಸಿಹಿನೀರಿನಲ್ಲಿ ಒರೆಸದಿದ್ದರೆ ಕಲೆ ಕಟ್ಟುತ್ತದೆ. ಬಿಳಿ ಮನೆಯ ಅಲ್ಯೂಮಿನಿಯಂ ಕಿಟಕಿಗೆ ಬೇರೆ ಲೋಹದ ಸ್ಕ್ರೂ ನೇರವಾಗಿ ಹಾಕಿದ್ದರು, ಪ್ರತಿ ಸ್ಕ್ರೂ ಸುತ್ತ ಬಿಳಿ ಪುಡಿ ಎದ್ದು ಅಲ್ಯೂಮಿನಿಯಂ ತಿಂದುಹೋಗಿತ್ತು. ನಡುವೆ ನೈಲಾನ್ ವಾಷರ್ ಕೊಟ್ಟಿದ್ದರೆ ಉಳಿಯುತ್ತಿತ್ತು. ಮರದ ಮನೆಯ ‘ಹಿತ್ತಾಳೆ’ ಹಿಡಿಕೆಗಳು ಸತುವಿನ ಎರಕಕ್ಕೆ ಲೇಪ ಕೊಟ್ಟವು, ಲೇಪ ಗುಳ್ಳೆಯೆದ್ದು ಸಿಪ್ಪೆಯಾಯಿತು. ಅಪ್ಪಟ ಹಿತ್ತಾಳೆ ಮಸುಕಾಗಬಹುದು, ಹೀಗೆ ಸಿಪ್ಪೆ ಏಳುವುದಿಲ್ಲ. ಕೈಯಲ್ಲಿ ತೂಗಿ ನೋಡಿದರೆ ಭಾರದಲ್ಲೇ ವ್ಯತ್ಯಾಸ ತಿಳಿಯುತ್ತದೆ.

ಎಡಬಲ ತಿರುಗಿಸಿದ ನಕ್ಷೆಯೇ ಒಂದು ತಪ್ಪು. ನಕ್ಷೆ ತಿರುಗುತ್ತದೆ, ಗಾಳಿ ತಿರುಗುವುದಿಲ್ಲ. ಒಂದು ಮನೆಯ ಕಿಟಕಿಬಾಗಿಲು ಗಾಳಿಯನ್ನು ತಡೆದು ಬದಿಗೆ ಸರಿಸಿದರೆ ಇನ್ನೊಂದರದು ಅದನ್ನು ಹಿಡಿದು ಒಳಕ್ಕೆ ನೂಕುತ್ತದೆ, ಜೊತೆಗೆ ಉಪ್ಪನ್ನೂ. ಒಂದು ಮನೆಗಾದರೂ ಕಿಟಕಿ ತೆರೆಯುವ ದಿಕ್ಕು ಬದಲಿಸಿಕೊಳ್ಳಿ. ಎಸಿಯ ಹೊರಘಟಕಗಳನ್ನು ಇಕ್ಕಟ್ಟಾದ ಮೂಲೆಯಲ್ಲಿ ಎದುರುಬದುರು ಕೂರಿಸಬೇಡಿ, ಒಂದರ ಬಿಸಿಗಾಳಿಯನ್ನು ಇನ್ನೊಂದು ಎಳೆದುಕೊಳ್ಳುತ್ತದೆ.

ಈಗಾಗಲೇ ಒಂಟಿ ಗೋಡೆಯ ಮನೆಯಲ್ಲಿ ಇರುವವರು ಹೀಗೆ ಮಾಡಬಹುದು. ಎಸಿ ಇರುವ ಕಡೆಯ ವಿನೈಲ್ ಕಿತ್ತು, ಗೋಡೆ ಪೂರ್ತಿ ಒಣಗಿದ ಮೇಲೆ 25–30 ಮಿ.ಮೀ. ಎಕ್ಸ್‌ಪಿಎಸ್ (ಶಾಖ ತಡೆಯುವ ಗಟ್ಟಿ ಫೋಮ್) ಹಲಗೆಯನ್ನು ಎಲ್ಲೂ ಟೊಳ್ಳು ಉಳಿಯದಂತೆ ಅಂಟಿಸಿ, ಕೀಲುಗಳಿಗೆ ಟೇಪ್ ಹಾಕಿ, ಮೇಲೆ ಬೋರ್ಡ್ ಮುಚ್ಚಿಸಿ. ಎಸಿಯನ್ನು 25–26ಕ್ಕೆ ಏರಿಸಿ. ತೇವದ ಕಡೆ ಬೂಷ್ಟನ್ನು ಒಣಗಿದ್ದಾಗ ಕೆರೆಯಬೇಡಿ, ಪುಡಿ ಮನೆಯೆಲ್ಲ ಹಾರುತ್ತದೆ. ಒದ್ದೆ ಮಾಡಿ, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ತೆಗೆಯಿರಿ. ವಾರ್ಡ್‌ರೋಬನ್ನು ಗೋಡೆಯಿಂದ 50 ಮಿ.ಮೀ. ಮುಂದಕ್ಕೆ ತಂದು, ಕೆಳಗೂ ಮೇಲೂ ಗಾಳಿಯಾಡುವ ಕಂಡಿ ಬಿಟ್ಟು, ಹಿಂಬದಿಗೆ ಎಂಡಿಎಫ್ ಬದಲು ಅಂಚೆಲ್ಲ ಮುಚ್ಚಿದ ಮೆರೈನ್ ಪ್ಲೈವುಡ್ ಹಾಕಿಸಿ. ಬಟ್ಟೆ ಜೋಡಿಸುವ ಮೊದಲು ಆ ಸಂದಿಯಲ್ಲಿ ಒಂದು ಆರ್ದ್ರತೆ ಮಾಪಕ ತೂಗುಹಾಕಿ, ಪಕ್ಕದ ಮನೆಯ ಎಸಿ ಓಡುವ ರಾತ್ರಿಗಳಲ್ಲಿ ಒಂದು ವಾರ ಅಂಕಿ ಬರೆದಿಡಿ. ಶೇ. 80 ದಾಟಿಯೇ ನಿಲ್ಲುತ್ತಿದ್ದರೆ ಸಂದಿ ಇನ್ನೂ ಸಾಲದು, ವಾರ್ಡ್‌ರೋಬನ್ನು ಬೇರೆ ಗೋಡೆಗೆ ಸರಿಸಬೇಕು.