ಸ್ಟೆಮ್ ಸೆಲ್ ಪ್ಯಾಕೇಜ್‌ಗೆ ದುಡ್ಡು ಕಟ್ಟುವ ಮುಂಚೆ ಇದನ್ನೊಮ್ಮೆ ಓದಿ

ಸೆರೆಬ್ರಲ್ ಪಾಲ್ಸಿ (ಸಿಪಿ, ಮಿದುಳಿಗೆ ಪೆಟ್ಟಾಗಿ ಮೈಕೈ ಹಿಡಿತ ತಪ್ಪುವ ತೊಂದರೆ) ಇರುವ ಮಕ್ಕಳ ಅಪ್ಪ ಅಮ್ಮಂದಿರಿಗಾಗಿ ಬರೆಯುತ್ತಿದ್ದೇನೆ. ಸ್ಟೆಮ್ ಸೆಲ್ ಚಿಕಿತ್ಸೆಗೆ ಕಟ್ಟಿದ ದುಡ್ಡು ಹೋಯಿತು ಅನ್ನುವುದಕ್ಕಿಂತ, ಅದಾದ ಮೇಲಿನ ಹದಿನಾಲ್ಕು ತಿಂಗಳಲ್ಲಿ ನನ್ನ ಮಗನ ಸೊಂಟಕ್ಕೆ ಏನಾಯಿತು ಅನ್ನುವುದನ್ನು ಹೇಳಬೇಕು.

ಮಗನಿಗೆ ಈಗ ಏಳು ವರ್ಷ. ಏಳೂವರೆ ತಿಂಗಳಿಗೇ ಹುಟ್ಟಿದ. ಒಂದೂವರೆ ವರ್ಷಕ್ಕೆ ಸೆರೆಬ್ರಲ್ ಪಾಲ್ಸಿ ಅಂದರು. ಕಾಲೆರಡೂ ಬಿಗಿ, ಆಸರೆ ಕೊಟ್ಟರೆ ಕೂರುತ್ತಾನೆ, ನಡೆಯುವುದಿಲ್ಲ. ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಎತ್ತಿಕೊಂಡು ದಾವಣಗೆರೆಗೆ ಹೋಗಿ ಥೆರಪಿ ಮಾಡಿಸುತ್ತಿದ್ದೆ. ನಿಧಾನವಾಗಿ ಏನೋ ಬರುತ್ತಿತ್ತು. ಲೋಟ ಹಿಡಿಯಲು ಶುರು ಮಾಡಿದ್ದ.

ನಾಲ್ಕೂವರೆ ವರ್ಷ ಇದ್ದಾಗ ನೆಂಟರೊಬ್ಬರು ವಾಟ್ಸಾಪ್‌ನಲ್ಲಿ ಒಂದು ವಿಡಿಯೋ ಕಳಿಸಿದರು. ಮೊದಲು ಮಲಗಿಕೊಂಡೇ ಇದ್ದ ಹುಡುಗಿ ಆಮೇಲೆ ಕಂಬಿ ಹಿಡಿದು ನಿಂತಿದ್ದಾಳೆ. ಸ್ಟೆಮ್ ಸೆಲ್ ಚಿಕಿತ್ಸೆ ಕೊಡುವ ಬೇರೆ ರಾಜ್ಯದ ಆಸ್ಪತ್ರೆ. ಹೋದೆವು. ಡಾಕ್ಟರ್ ಹತ್ತು ನಿಮಿಷ ನೋಡಿ, 'ಅರವತ್ತು ಪರ್ಸೆಂಟ್ ಸರಿಹೋಗುತ್ತೆ, ಆದರೆ ಐದು ದಾಟಿದರೆ ಕಷ್ಟ' ಅಂದರು. ಆ ಒಂದು ಮಾತಿಗೆ ಅತ್ತೆ ಕೈಯಲ್ಲಿದ್ದ ಬಳೆ ಬಿಚ್ಚಿಕೊಟ್ಟರು. ಆರೂವರೆ ಲಕ್ಷ ಕಟ್ಟಿದೆವು.

ಸೊಂಟದ ಮೂಳೆಯಿಂದ ಮಜ್ಜೆ ತೆಗೆದು, ಅದರಲ್ಲಿನ ಸ್ಟೆಮ್ ಸೆಲ್ (ಬೇರೆ ಜೀವಕೋಶವಾಗಿ ಬೆಳೆಯಬಲ್ಲ ಮೂಲ ಜೀವಕೋಶ) ಅಂತ ಅದೇ ದಿನ ಬೆನ್ನಿಗೆ ಸೂಜಿ ಹಾಕಿ ಒಳಗೆ ಬಿಟ್ಟರು. ಆ ರಾತ್ರಿ ನಾಲ್ಕು ಸಲ ವಾಂತಿ, ಎರಡು ದಿನ ತಲೆ ಎತ್ತಲಿಲ್ಲ. ಆಮೇಲೆ ಒಂದು ವಾರ ದಿನಕ್ಕೆ ಮೂರು ಗಂಟೆ ಥೆರಪಿ, ಜೊತೆಗೆ ಒತ್ತಡದಲ್ಲಿ ಆಕ್ಸಿಜನ್ ಕೊಡುವ ಪೆಟ್ಟಿಗೆಯೊಳಗೆ ಮಲಗಿಸುವುದು. ಕತ್ತು ಸ್ವಲ್ಪ ನಿಂತ ಹಾಗೆ ಅನ್ನಿಸಿತು. ದಿನಕ್ಕೆ ಮೂರು ಗಂಟೆ ಥೆರಪಿ ಕೊಟ್ಟರೆ ನಮ್ಮೂರಲ್ಲೂ ಅಷ್ಟು ಆಗುತ್ತಿತ್ತು ಅಲ್ವಾ? ಆಗ ಹೊಳೆಯಲಿಲ್ಲ.

ಊರಿಗೆ ಹೋದ ಮೇಲೆ 'ಸೆಲ್ ಕೂರಬೇಕು, ಹಳೇ ಥೆರಪಿಯವರು ಎಳೆದಾಡುವುದು ಬೇಡ' ಅಂದರು. ಕೈಯಲ್ಲಿ ದುಡ್ಡೂ ಇರಲಿಲ್ಲ, ನಿಲ್ಲಿಸಿಬಿಟ್ಟೆವು. ಐದಾರು ತಿಂಗಳಿಗೆ ಚಡ್ಡಿ ಬದಲಿಸುವಾಗ ಕಿರುಚಲು ಶುರು ಮಾಡಿದ. ತೊಡೆ ಬಿಡಿಸಲು ಆಗುತ್ತಿರಲಿಲ್ಲ, ಒಂದರ ಮೇಲೊಂದು ಕತ್ತರಿ ಹಾಕಿದ ಹಾಗೆ. ಫೋನ್ ಮಾಡಿದರೆ 'ನರ ಎಚ್ಚರ ಆಗ್ತಿದೆ, ಒಳ್ಳೇ ಲಕ್ಷಣ' ಅಂದರು. ನಂಬಿದೆ. ಬಲಗಾಲು ಗಿಡ್ಡ ಆಗಿದೆ ಅಂತ ಮೊದಲು ಕಂಡಿದ್ದು ಅತ್ತೆಗೆ, ಎಣ್ಣೆ ಹಚ್ಚುವಾಗ.

ಬೆಂಗಳೂರಿನಲ್ಲಿ ಎಕ್ಸ್-ರೇ ತೆಗೆಸಿದಾಗ ಬಲ ತೊಡೆಮೂಳೆಯ ತಲೆ ಗುಳಿಯಿಂದ ಅರ್ಧಕ್ಕಿಂತ ಜಾಸ್ತಿ ಆಚೆ ಬಂದಿತ್ತು. ಮೂಳೆ ಡಾಕ್ಟರ್ ಬೈಯಲಿಲ್ಲ, ಕೂರಿಸಿಕೊಂಡು ವಿವರಿಸಿದರು. ಮಿದುಳಿಗೆ ಆದ ಪೆಟ್ಟು ಬೆಳೆಯುವುದಿಲ್ಲ, ಆದರೆ ಮಗು ಬೆಳೆದ ಹಾಗೆ ಬಿಗಿಯಾದ ಸ್ನಾಯು ಮೂಳೆಯನ್ನು ಎಳೆಯುತ್ತಲೇ ಇರುತ್ತದೆ. ಸಿಪಿ ಮಕ್ಕಳಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಸೊಂಟ ಜಾರುತ್ತದೆ, ಅತಿ ತೀವ್ರ ಇದ್ದವರಲ್ಲಿ ಹತ್ತಕ್ಕೆ ಒಂಬತ್ತು. ನೋವು ಬರುವ ಮುಂಚೆಯೇ ಜಾರಿರುತ್ತದೆ, ಎಕ್ಸ್-ರೇ ಬಿಟ್ಟರೆ ಗೊತ್ತಾಗುವುದಿಲ್ಲ. ನಡೆಯದ ಮಗುವಿಗೆ ಎರಡು ವರ್ಷದಿಂದಲೇ ಆಗಾಗ ತೆಗೆಸಬೇಕಿತ್ತಂತೆ. ನಮಗೆ ಯಾರೂ ಹೇಳಿರಲಿಲ್ಲ.

ಇನ್ನೊಂದು ವಿಷಯವನ್ನೂ ಅವರೇ ಹೇಳಿದ್ದು. ಸಿಪಿ ಮಕ್ಕಳನ್ನು, ಎಷ್ಟು ಓಡಾಡಬಲ್ಲರು ಅನ್ನುವುದರ ಮೇಲೆ, ಜಿಎಂಎಫ್‌ಸಿಎಸ್ ಅಂತ ಐದು ಹಂತಗಳಲ್ಲಿ ನೋಡುತ್ತಾರೆ. ಕೆನಡಾದವರು 657 ಮಕ್ಕಳನ್ನು ವರ್ಷಗಟ್ಟಲೆ ನೋಡಿ 2002ರಲ್ಲಿ ಪ್ರಕಟಿಸಿದ ಪ್ರಕಾರ, ಓಡಾಟದ ಕಲಿಕೆಯ ಸುಮಾರು 90% ಐದು ವರ್ಷದೊಳಗೇ ಆಗುತ್ತದೆ, ತೀವ್ರ ಇದ್ದವರಿಗೆ ಇನ್ನೂ ಬೇಗ. ಅಂದರೆ ಆ ವಯಸ್ಸಿನಲ್ಲಿ ಯಾವ ಚಿಕಿತ್ಸೆ ಕೊಟ್ಟರೂ ಅದರಿಂದಲೇ ಸರಿಹೋಯಿತು ಅನ್ನಿಸುತ್ತದೆ. ಆಕ್ಸಿಜನ್ ಪೆಟ್ಟಿಗೆಯದೂ ಅದೇ ಕಥೆ. ಕೆನಡಾದ ಕ್ವಿಬೆಕ್‌ನಲ್ಲಿ 111 ಮಕ್ಕಳ ಮೇಲೆ ಪರೀಕ್ಷೆ ಮಾಡಿ 2001ರಲ್ಲಿ ಪ್ರಕಟಿಸಿದರು. ಆಕ್ಸಿಜನ್ ಕೊಟ್ಟವರೂ, ಸ್ವಲ್ಪ ಒತ್ತಡದ ಬರೀ ಗಾಳಿ ಕೊಟ್ಟವರೂ ಒಂದೇ ಸಮ ಸುಧಾರಿಸಿದ್ದರು.

ಸ್ಟೆಮ್ ಸೆಲ್ ಸಂಶೋಧನೆ ನಡೆಯಲಿ, ನನ್ನ ತಕರಾರಿಲ್ಲ. ಆದರೆ ಸಿಪಿಗೆ ಅದನ್ನು ಒಪ್ಪಿಗೆ ಪಡೆದ ಪ್ರಯೋಗದಲ್ಲಿ ಮಾತ್ರ ಕೊಡಬಹುದು ಅಂತ ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯೇ ಹೇಳುತ್ತದೆ. ಯಾರಾದರೂ ಪ್ಯಾಕೇಜ್ ಅಂದರೆ, ಇಂಥ ಪ್ರಯೋಗಗಳನ್ನು ದಾಖಲಿಸುವ ಸರ್ಕಾರಿ ಪಟ್ಟಿಯಾದ ಸಿಟಿಆರ್‌ಐ ನೋಂದಣಿ ನಂಬರ್ ಕೇಳಿ. ನಮ್ಮವರು ಕೊಟ್ಟಿದ್ದು ಬಣ್ಣದ ಬ್ರೋಷರ್.

ಆ ದುಡ್ಡು ಕಟ್ಟುವ ಮುಂಚೆ ಜಿಲ್ಲಾಸ್ಪತ್ರೆಯ ಡಿಇಐಸಿಗೆ (ಮಕ್ಕಳ ತೊಂದರೆಗಳನ್ನು ಬೇಗ ಗುರುತಿಸಿ ಥೆರಪಿ ಕೊಡುವ ಸರ್ಕಾರಿ ಕೇಂದ್ರ) ಹೋಗಿ, ಥೆರಪಿಗೆ ದುಡ್ಡು ಕೊಡಬೇಕಿಲ್ಲ. ಅಂಗವಿಕಲರಿಗಾಗಿ ಇರುವ ಕೇಂದ್ರ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆ ಮಾಡಿಸಿ, ವರ್ಷಕ್ಕೆ ಒಂದು ಲಕ್ಷದವರೆಗೆ ಇದೆ, ಥೆರಪಿಗೂ ಸ್ವಲ್ಪ ಸಿಗುತ್ತದೆ. ಸೊಂಟದ ಎಕ್ಸ್-ರೇ ಬಗ್ಗೆ ನೀವೇ ಬಾಯಿಬಿಟ್ಟು ಕೇಳಿ.

ಮಗನಿಗೆ ಮೂಳೆ ಕತ್ತರಿಸಿ ಪ್ಲೇಟ್ ಹಾಕಿದರು. ಎದೆಯಿಂದ ಪಾದದವರೆಗೆ ಆರು ವಾರ ಪ್ಲಾಸ್ಟರ್. ಈಗ ಚಡ್ಡಿ ಬದಲಿಸುವಾಗ ಅಳುವುದಿಲ್ಲ. ಲೋಟ ಹಿಡಿಯುವುದನ್ನು ಮತ್ತೆ ಮೊದಲಿನಿಂದ ಕಲಿಸುತ್ತಿದ್ದೇವೆ.

ಇದನ್ನು ಹೇಳದೆ ಇರಲಾರೆ. ಅಲ್ಲಿಂದ ಹೊರಡುವ ದಿನ ನಮ್ಮದೂ ಒಂದು ವಿಡಿಯೋ ತೆಗೆದರು. ಯಜಮಾನರನ್ನು ಹಿಂದೆ ಬಗ್ಗಿ ಕೂರಿಸಿ, ಮಗನ ಸೊಂಟ ಹಿಡಿದುಕೊಳ್ಳಿ, ಕೈ ಮಾತ್ರ ಕಾಣಬಾರದು ಅಂದರು. ಎಷ್ಟು ಕೇಳಿಕೊಂಡರೂ ಅದನ್ನು ತೆಗೆದುಹಾಕಿಲ್ಲ. ನೀಲಿ ಶರ್ಟಿನ ಹುಡುಗ ಕಂಬಿ ಹಿಡಿದು ನಿಂತಿರುವ ವಿಡಿಯೋ ನಿಮಗೆ ಬಂದರೆ, ಅವನು ನನ್ನ ಮಗ. ಅವನು ನಿಂತಿಲ್ಲ.