ಕೆರೆಯನ್ನು ತಾರೀಖಿನ ಸಮೇತ ತೋರಿಸುವ ಕೋಪರ್ನಿಕಸ್ ಬ್ರೌಸರ್

ಐರೋಪ್ಯ ಒಕ್ಕೂಟದ ಸೆಂಟಿನೆಲ್ ಉಪಗ್ರಹಗಳು ತೆಗೆದ ಚಿತ್ರಗಳನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದಾದ ತಾಣ ಕೋಪರ್ನಿಕಸ್ ಬ್ರೌಸರ್. ನಮ್ಮ ಬಯಲುಸೀಮೆಯ ಕೆರೆಗಳ ಮೇಲೆ ಕಣ್ಣಿಡಲು ನಾನು ಇದನ್ನು ಬಳಸುತ್ತಿದ್ದೇನೆ. ಮೊಬೈಲಿನ ನಕಾಶೆಗಳಲ್ಲಿ ಹಿತ್ತಿಲಿನ ತೆಂಗಿನ ಮರವೂ ಕಾಣುತ್ತದೆ ನಿಜ, ಆದರೆ ಹಲವು ದಿನಗಳ ತುಣುಕುಗಳನ್ನು ಸೇರಿಸಿ ಹೊಲಿದ ಆ ಚಿತ್ರದಲ್ಲಿ ಕೆರೆಯ ನೀರು ಯಾವ ತಿಂಗಳಿನದೆಂದು ಹೇಳುವುದು ಕಷ್ಟ. ಇಲ್ಲಿ ತಾರೀಖನ್ನು ಆರಿಸಿದ ಮೇಲೆಯೇ ಚಿತ್ರ ತೆರೆದುಕೊಳ್ಳುತ್ತದೆ, ಮತ್ತು ನನ್ನ ಮಟ್ಟಿಗೆ ಈ ಸೇವೆಯ ಬೆಲೆಯಿರುವುದೆಲ್ಲ ಆ ತಾರೀಖಿನಲ್ಲಿಯೇ.

ಕ್ಯಾಮೆರಾದಿಂದ ಚಿತ್ರ ತೆಗೆಯುವ ಸೆಂಟಿನೆಲ್-2 ಸರಣಿಯ ಮೊದಲ ಉಪಗ್ರಹ ಮೇಲೇರಿದ್ದು 2015ರ ಜೂನ್‌ನಲ್ಲಿ. 2017ರಲ್ಲಿ ಎರಡನೆಯದು ಜೊತೆಗೂಡಿದ ಮೇಲೆ ಸುಮಾರು ಐದು ದಿನಕ್ಕೊಮ್ಮೆ, ಬೆಳಗಿನ ಹತ್ತೂವರೆ ಹನ್ನೊಂದರ ಹೊತ್ತಿನಲ್ಲಿ, ನಮ್ಮ ಊರುಗಳ ಚಿತ್ರ ಸಿಗುತ್ತಿದೆ. ಚಿತ್ರದ ಒಂದೊಂದು ಚುಕ್ಕೆಯೂ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ, ಅಂದರೆ 100 ಚದರ ಮೀಟರ್. ನಮ್ಮ ಒಂದು ಗುಂಟೆಯೂ ಹೆಚ್ಚುಕಡಿಮೆ ಅಷ್ಟೇ. ಎಕರೆಗೆ ನಲವತ್ತು ಚುಕ್ಕೆ ಎಂದು ಲೆಕ್ಕವಿಟ್ಟುಕೊಂಡರೆ ಈ ಚಿತ್ರಗಳನ್ನು ಓದುವುದು ಬಹಳ ಸಲೀಸು. ಬದುವಿನ ತಕರಾರಿಗೆ ಇದು ಸಾಲದು, ಆದರೆ ಹತ್ತಿಪ್ಪತ್ತು ಎಕರೆಯ ಕೆರೆಗೆ ಧಾರಾಳವಾಗಿ ಸಾಕು.

ಮಾರಿಕಣಿವೆಯ ವಾಣಿವಿಲಾಸ ಸಾಗರವನ್ನು ತೆರೆದು, ಹೋಲಿಕೆಯ ಸಾಧನದಲ್ಲಿ ಒಂದು ಕಡೆ 2017ರ ಬೇಸಿಗೆಯನ್ನೂ ಇನ್ನೊಂದು ಕಡೆ 2022ರ ಮಳೆಗಾಲ ಮುಗಿದ ಮೇಲಿನ ಒಂದು ನಿರ್ಮಲ ದಿನವನ್ನೂ ಇಟ್ಟು ನಡುವಿನ ಗೆರೆಯನ್ನು ಸರಿಸಿ ನೋಡಬೇಕು. ಅಣೆಕಟ್ಟಿನ ಬಳಿ ಮುದುಡಿಕೊಂಡಿದ್ದ ನೀರು, 1933ರ ಬಳಿಕ ಮೊದಲ ಬಾರಿಗೆ ಕೋಡಿ ಬಿದ್ದ ಆ ವರ್ಷ ಹೊಸದುರ್ಗದ ಕಡೆಯ ಹೊಲಗಳ ನಡುವೆ ಬೆರಳು ಚಾಚಿಕೊಂಡು ಹೋಗಿರುವುದು ಕಣ್ಣೆದುರಿಗೆ ಬರುತ್ತದೆ. ನೀರಿನ ಅಂಚಿನ ಮೇಲೆ ಗೆರೆ ಎಳೆದರೆ ವಿಸ್ತೀರ್ಣವೂ ಅಲ್ಲೇ ಸಿಗುತ್ತದೆ.

ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಹುಸಿಬಣ್ಣದ ಚಿತ್ರ. ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಇದರಲ್ಲಿ ಕೆಂಪು ಬಣ್ಣವಾಗಿ ತೋರಿಸುತ್ತಾರೆ. ಹಸಿರೆಲೆ ಆ ಕಿರಣವನ್ನು ಬಲವಾಗಿ ಹಿಂದಕ್ಕೆ ಹೊಮ್ಮಿಸುವುದರಿಂದ ಗಿಡಮರಗಳು ಇಲ್ಲಿ ಕಡುಗೆಂಪಾಗಿಯೂ ನೀರು ಕಪ್ಪಾಗಿಯೂ ಕಾಣುತ್ತವೆ. ನಮ್ಮ ಊರಿನ ಕೆರೆಯಂಗಳದ ನವೆಂಬರ್‌ನ ಚಿತ್ರ ನೋಡಿದಾಗ, ಏರಿಯ ಕೆಳಗಿನ ಅಚ್ಚುಕಟ್ಟು, ಒಳಗಿನ ಹುಲ್ಲು, ಜಾಲಿ ಎಲ್ಲವೂ ಒಂದೇ ಕೆಂಪು. ಅದೇ ಜಾಗವನ್ನು ಏಪ್ರಿಲ್‌ನ ಚಿತ್ರದಲ್ಲಿ ನೋಡಿದರೆ ಹುಲ್ಲು ಒಣಗಿ, ಬೆಳೆ ಕಟಾವಾಗಿ, ಬಳ್ಳಾರಿ ಜಾಲಿಯ ತೇಪೆಗಳು ಮಾತ್ರ ಕೆಂಪಾಗಿ ಉಳಿದಿದ್ದವು. ಏಪ್ರಿಲ್ ಏಪ್ರಿಲ್‌ಗಳನ್ನೇ ವರ್ಷದಿಂದ ವರ್ಷಕ್ಕೆ ಜೋಡಿಸಿದಾಗ, ಜಾಲಿ ಹಳ್ಳ ಬಂದು ಸೇರುವ ಕಡೆಯಿಂದ ತೂಬಿನ ಕಡೆಗೆ ಹೇಗೆ ಇಳಿಯುತ್ತಿದೆ ಎಂಬುದು ತಿಳಿಯಿತು. ಬರೀ ಚೆಂದದ ಒಂದು ಚಿತ್ರದಿಂದ ಇದು ಆಗುವ ಕೆಲಸವಲ್ಲ.

ಮಳೆಗಾಲದಲ್ಲಿ ಈ ಕ್ಯಾಮೆರಾ ಮೋಡದ ಮುಂದೆ ಸೋಲುತ್ತದೆ. ಮಲೆನಾಡಿನವರಿಗಂತೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಳಿ ಹೊದಿಕೆಯ ಹೊರತು ಕಾಣುವುದು ಅಪರೂಪ. ಆಗ ಸೆಂಟಿನೆಲ್-1ರ ರೇಡಾರ್ ಚಿತ್ರಕ್ಕೆ ಹೊರಳಬೇಕು. ಅದು ಮೋಡವನ್ನೂ ಕತ್ತಲನ್ನೂ ದಾಟಿ ನೋಡುತ್ತದೆ. ನಯವಾದ ನೀರಿನ ಮೈ ರೇಡಾರ್ ಅಲೆಗಳನ್ನು ಆಚೆಗೆ ಜಾರಿಸಿಬಿಡುವುದರಿಂದ ಕೆರೆ ಕಪ್ಪಾಗಿ ಮೂಡುತ್ತದೆ, ಗಾಳಿ ಬೀಸಿ ತೆರೆ ಎದ್ದ ದಿನ ಮಾತ್ರ ಅಂಚು ಮಸುಕಾಗುತ್ತದೆ.

ತಾಣದಲ್ಲಿ ಕನ್ನಡವಿಲ್ಲ ಎಂಬುದು ನಿಜವಾದ ಕೊರತೆ. ಗ್ರಾಮ ಪಂಚಾಯಿತಿ ಸದಸ್ಯರು, ಕೆರೆ ಬಳಕೆದಾರರ ಸಂಘದವರು ತಾವೇ ತೆರೆದು ನೋಡಬೇಕಾದ ಸಾಧನ ಇದು. ಪಕ್ಕದಲ್ಲಿ ಕುಳಿತು ಅರ್ಧ ಗಂಟೆ ತೋರಿಸಿಕೊಡುವವರು ಒಬ್ಬರಾದರೂ ಬೇಕಾಗುತ್ತದೆ. ಬರೀ ನೋಡಲು ಖಾತೆ ಬೇಡ, ಇಳಿಸಿಕೊಳ್ಳಲು ಮಾತ್ರ ಬೇಕು.

ಇಸ್ರೋದ ಭುವನ್ ತಾಣವನ್ನು ಬಿಟ್ಟು ಇದನ್ನೇ ಹಿಡಿಯಿರಿ ಎಂದು ನಾನು ಹೇಳಲಾರೆ. ಭೂಬಳಕೆಯ ಸಿದ್ಧ ನಕಾಶೆಗಳಿಗೂ ಕಾರ್ಟೋಸ್ಯಾಟ್ ಉಪಗ್ರಹದಿಂದ ತಯಾರಾದ ನೆಲದ ಏರುತಗ್ಗಿನ ಮಾಹಿತಿಗೂ ನಾನು ಅಲ್ಲಿಗೇ ಹೋಗುತ್ತೇನೆ. ಮಳೆನೀರು ಯಾವ ಇಳಿಜಾರಿನಿಂದ ಕೆರೆಗೆ ಬರುತ್ತದೆ ಎಂದು ಗುರುತಿಸಲು ಅದೇ ಬೇಕು. ಸೆಂಟಿನೆಲ್-2ರ ಚಿತ್ರಗಳು 2015ಕ್ಕಿಂತ ಹಿಂದೆ ಹೋಗುವುದಿಲ್ಲ. ಅದಕ್ಕೂ ಹಿಂದಿನ ಕೆರೆಯನ್ನು ಕಾಣಬೇಕಾದವರು 1972ರಿಂದ ಸುತ್ತುತ್ತಿರುವ ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹ ಸರಣಿಯ ಚಿತ್ರಗಳನ್ನು ತೆರೆಯಬೇಕು, ಇನ್ನೂ ಹಿಂದಕ್ಕಾದರೆ ಸರ್ವೆ ಆಫ್ ಇಂಡಿಯಾದ ಹಳೆಯ ನಕಾಶೆ ಹಾಳೆಗಳನ್ನು ಹುಡುಕಬೇಕು.