ಧರಣಿಗೆ ಮೈಕ್‌ಸೆಟ್, ಶಾಮಿಯಾನ: ಕಲಬುರಗಿಯ ಒಂದು ಬಾಡಿಗೆ ಅಂಗಡಿ

ಮದುವೆಗೆ ಚಲೋ ಇರುವ ಮೈಕ್‌ಸೆಟ್ ಅಂಗಡಿ ಧರಣಿಗೂ ಚಲೋ ಇರುತ್ತದೆ ಅನ್ನುವಂತಿಲ್ಲ. ಜಗತ್ ವೃತ್ತದಿಂದ ಡಿಸಿ ಕಚೇರಿ ತನಕ ಮೆರವಣಿಗೆ, ಆಮೇಲೆ ಅಲ್ಲೇ ಧರಣಿ ಅಂದರೆ ಈ ಅಂಗಡಿಯವರು ಕೊಡುವುದು ಇಷ್ಟು: 250 ವ್ಯಾಟ್‌ನ ಅಹುಜಾ ಆಂಪ್ಲಿಫೈಯರ್, ನಾಲ್ಕು ಹಾರ್ನ್ ಸ್ಪೀಕರ್, ಎರಡು ಮೈಕ್, 15 ಅಡಿ ಚೌಕದ ಶಾಮಿಯಾನ ಬೇಕಾದಷ್ಟು, ಜಮಖಾನಿ. ಡೀಸೆಲ್ ಖರ್ಚು ಬೇರೆ.

ಆಪರೇಟರ್ ಕೆಲಸ ಬಲ್ಲವನು. ಒಂದೊಂದು ಹಾರ್ನ್ 16 ಓಮ್ಸ್ (ಕರೆಂಟಿಗೆ ಒಡ್ಡುವ ತಡೆಯ ಅಳತೆ). ನಾಲ್ಕನ್ನೂ ಪ್ಯಾರಲಲ್, ಅಂದರೆ ಅದೇ ಎರಡು ವೈರಿಗೆ ಅಕ್ಕಪಕ್ಕ, ಜೋಡಿಸಿದರೆ 4 ಓಮ್ಸ್. ವೈರನ್ನು ಸರಿಯಾಗಿ ಆಂಪ್ಲಿಫೈಯರ್‌ನ 4 ಓಮ್ಸ್ ಟರ್ಮಿನಲ್‌ಗೇ ಬಿಗಿಯುತ್ತಾನೆ. ಐದನೇ ಹಾರ್ನ್ ಕೇಳಿದರೆ ಆಗೋದಿಲ್ಲ ಅನ್ನುತ್ತಾನೆ. ಅದು ಜಿಪುಣತನವಲ್ಲ: ಲೋಡ್ 3.2 ಓಮ್ಸ್‌ಗೆ ಇಳಿದು, ಕರೆಂಟ್ ಹೆಚ್ಚು ಎಳೆದು, ಆಂಪ್ಲಿಫೈಯರ್ ಕಾದು, ಮುಖಂಡರ ಭಾಷಣದ ನಡುವೆಯೇ ಕೂತುಬಿಡುತ್ತದೆ. 12 ವೋಲ್ಟಿನ ಎರಡು ಬ್ಯಾಟರಿ ಸೀರೀಸ್‌ನಲ್ಲಿ (ಒಂದರ ಹಿಂದೊಂದು ಜೋಡಿಸಿ) ಕೊಡುವುದರಿಂದ ಮೆರವಣಿಗೆಗೆ ಜನರೇಟರ್ ಗದ್ದಲವೂ ಇಲ್ಲ.

ಎಡವುವುದು ಮೆರವಣಿಗೆಯಲ್ಲೇ. ನಾಲ್ಕೂ ಹಾರ್ನ್ ಮುಂದಿನ ಟೆಂಪೋ ಮೇಲೆ. ಸಾಲು 200 ಮೀಟರ್ ಉದ್ದವಾದರೆ ಬಾಲಕ್ಕೆ ಶಬ್ದ ಮುಟ್ಟಲು ಅರ್ಧ ಸೆಕೆಂಡಿಗಿಂತ ಹೆಚ್ಚು ಬೇಕು. ಹಿಂದಿನವರು ‘ನ್ಯಾಯ ಬೇಕು’ ಅನ್ನುವಷ್ಟರಲ್ಲಿ ಮುಂದೆ ಮತ್ತೆ ‘ಬೇಕೇ ಬೇಕು’ ಶುರು, ಘೋಷಣೆ ಕಲಸುಮೇಲೋಗರ. ನಡುವೆ ಆಟೋದಲ್ಲಿ ಇನ್ನೊಂದು ಸಣ್ಣ ಬ್ಯಾಟರಿ ಸೆಟ್, ಘೋಷಣೆ ಕೂಗಲು ಬೇರೊಬ್ಬರು ಇದ್ದರೆ ಸರಿಹೋಗುತ್ತದೆ. ಆ ಸಣ್ಣ ಸೆಟ್‌ಗೂ ದೊಡ್ಡದರ ಬಾಡಿಗೆಯೇ ಕೇಳುತ್ತಾರೆ, ಅದು ಅನ್ಯಾಯ. ಚೌಕಾಸಿ ಮಾಡಿ.

ಶಾಮಿಯಾನದ ಬಟ್ಟೆ ದಪ್ಪ, ಬಿಸಿಲು ತಡೆಯುತ್ತದೆ. ಆದರೆ ತರುವುದು ಬರೀ ಗೂಟ. ಡಾಂಬರು ರಸ್ತೆಗೆ ಗೂಟ ಇಳಿಯುತ್ತದೆಯೇ? ಕಂಬಕ್ಕೊಂದರಂತೆ 25–30 ಕೆಜಿಯ ಮರಳು ಚೀಲ ಮೊದಲೇ ಹೇಳಿಡಿ. ಇಲ್ಲದಿದ್ದರೆ ಮೇ ತಿಂಗಳ ಮಧ್ಯಾಹ್ನದ ಗಾಳಿಗೆ ಮಂದಿಯೇ ಕಂಬ ಹಿಡಿದು ನಿಲ್ಲಬೇಕಾಗುತ್ತದೆ. ಒಂದು ಚೌಕ 225 ಚದರಡಿ; ಓಡಾಡಲು ದಾರಿ ಬಿಟ್ಟರೆ 40 ಜನ ಕೂಡಬಹುದು. 300 ಜನಕ್ಕೆ ಎಂಟು ಬೇಕು. ನೀರು ಇವರ ಲೆಕ್ಕದಲ್ಲಿಲ್ಲ: ತಲೆಗೆ ಎರಡು ಲೀಟರ್ ಹಿಡಿದರೆ 20 ಲೀಟರಿನ 30 ಕ್ಯಾನ್ ಬೇರೆ ಕಡೆ ಹೇಳಿ.

ಬುಕಿಂಗ್ ವೇಳೆಗೇ ಪೊಲೀಸ್ ಪರವಾನಗಿಯ ಪ್ರತಿ ಕೇಳುತ್ತಾರೆ, ಒಳ್ಳೆಯದೇ. ಮೆರವಣಿಗೆಯ ದಾರಿ, ಮೈಕ್ ಎರಡೂ ಅದರಲ್ಲಿ ಬರೆದಿರಲಿ. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಟೆಂಪೋ ಹಾಯುವಾಗ ಮೈಕ್ ಬಂದ್. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಹೇಗೂ ಹಚ್ಚುವಂತಿಲ್ಲ.

ಜಮಖಾನಿ ಎಣಿಸಿ ಇಸಕೊಳ್ಳಿ, ಎಣಿಸಿಯೇ ವಾಪಸ್ ಕೊಡಿ. ಕಡಿಮೆ ಬಿದ್ದದ್ದು ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳುತ್ತಾರೆ.